ದುಡ್ಡು ಕೊಟ್ಟು ನೆಂಟರಾದದ್ದು

ನಮ್ಮ ಅಬ್ಬಿ ಮೀನು ಮಾರುವುದನ್ನು ಬಿಟ್ಟಿದ್ದಾಳೆ ಎಂದು ನಾನು ಊರಿಗೆಲ್ಲ ಹೇಳಿಕೊಂಡು ಬಂದಿದ್ದೆ. ಬಿಟ್ಟದ್ದಲ್ಲ, ನಾನೇ ಬಿಡಿಸಿದ್ದು. ಎರಡೂ ಮೊಣಗಂಟು ಸವೆದಿವೆ, ಇನ್ನು ತಲೆಯ ಮೇಲೆ ಹೊರೆ ಹೊರಬಾರದು ಎಂದು ಎರಡು ವರ್ಷದ ಹಿಂದೆ ಡಾಕ್ಟರು ಹೇಳಿದ ದಿನವೇ ಅವಳ ಬುಟ್ಟಿಯನ್ನು ಅಟ್ಟಕ್ಕೆ ಹಾಕಿ, ಏಣಿಯನ್ನು ಪಕ್ಕದ ಮನೆಯವರಿಗೆ ಕೊಟ್ಟುಬಿಟ್ಟೆ.

ಅಬ್ಬಿ ಅಂದರೆ ಅಮ್ಮ. ನಮ್ಮ ಕಡೆ ಕರೆಯುವುದೇ ಹಾಗೆ. ಮರವಂತೆಯ ನಮ್ಮ ಮನೆಯಲ್ಲಿ ಇರುವವರು ನಾನು, ಅಬ್ಬಿ ಮತ್ತು ನನ್ನ ಹೊಲಿಗೆ ಮಿಷನ್ನು. ಗಂಡ ಬೋಟಿಗೆ ಹೋದರೆ ವಾರಗಟ್ಟಲೆ ಬರುವುದಿಲ್ಲ. ನಲವತ್ತು ವರ್ಷ ಬಾಗಿಲು ಬಾಗಿಲಿಗೆ ಹೋಗಿ, ಒಂದೊಂದು ಮೀನಿಗೂ ಜಗಳವಾಡಿ ಮಾರಿದವಳಿಗೆ ಈಗ ಒಂದೇ ಬಾಗಿಲು, ಒಬ್ಬಳೇ ಗಿರಾಕಿ. ಬೆಳಿಗ್ಗೆ ಚಾಕ್ಕೆ ಸಕ್ಕರೆ ಕಮ್ಮಿಯಾಯಿತು ಅಂತ ಶುರುವಾದರೆ ನಾನು ಮದುವೆಯಾದ ವರ್ಷ ಮಾಡಿದ ತಪ್ಪಿನವರೆಗೂ ಹೋಗುತ್ತಿತ್ತು.

ತಂಗಿ ಮುಂಬೈಯಿಂದ ಬಂದವಳು ಎರಡು ದಿನ ಈ ಜಗಳ ನೋಡಿದಳು. ಮೂರನೇ ದಿನ ನನ್ನನ್ನು ಬಾವಿಕಟ್ಟೆಯ ಹತ್ತಿರ ಕರೆದು, "ಅಕ್ಕಾ, ಅಬ್ಬಿನ ಎಲ್ಲಿಗಾರೂ ಕರ್ಕಂಡ್ ಹೋಪ. ರೆಸ್ಟ್ ಬೇಕ್ ಅದ್ಕೆ" ಅಂದಳು.

"ರೆಸ್ಟ್ ಬೇಕಾದ್ ಅದ್ಕಲ್ಲ, ನಂಗೆ" ಅಂದೆ.

ಎಲ್ಲಿಗೆ ಹೋಗುವುದು? ದೇವಸ್ಥಾನಗಳೆಲ್ಲ ಆಗಿವೆ. ಘಟ್ಟದ ಮೇಲೆ ಚಳಿ. ಸಮುದ್ರ ತೋರಿಸುವ ಹಾಗಿಲ್ಲ, ಅದು ಹೋದ ಮಳೆಗಾಲದಲ್ಲಿ ನಮ್ಮ ಹಿತ್ತಲಿಗೇ ಬಂದು ಎರಡು ತೆಂಗಿನ ಮರ ತೆಗೆದುಕೊಂಡು ಹೋಗಿತ್ತು. ತಂಗಿ ಫೋನು ತೆಗೆದು ಹುಡುಕಿ ಹುಡುಕಿ ಕೊನೆಗೆ ಒಂದು ಫೋಟೋ ತೋರಿಸಿದಳು. ಹೆಂಚಿನ ದೊಡ್ಡ ಮನೆ, ಸುತ್ತ ತೆಂಗಿನ ತೋಟ, ಅದರಾಚೆ ನೀರು. ಕೆಳಗೆ ಬರೆದಿತ್ತು: 'ಐತಿಹಾಸಿಕ ದ್ವೀಪಗ್ರಾಮದಲ್ಲಿ ಮುನ್ನೂರು ವರ್ಷದ ತೋಟದ ಮನೆ. ನಾಲ್ಕೂ ಕಡೆ ನದಿ. ಪೇಟೆಯ ಗದ್ದಲದಿಂದ ಬಹುದೂರ.'

ನಾನು ಕನ್ನಡಕ ಹಾಕಿಕೊಂಡು ಇನ್ನೊಮ್ಮೆ ನೋಡಿದೆ. "ಹೆಣೆ, ಇದ್ ಕುದ್ರ್ ಅಲ್ದಾ! ತಲ್ಲೂರಲ್ ನಿಂತ್ ಕೂಗ್ರೆ ಕೇಂತ್ತ್."

ಹೊಳೆಯ ನಡುವೆ ಎದ್ದ ನೆಲವನ್ನು ನಾವು ಕುದ್ರು ಅನ್ನುತ್ತೇವೆ. ಇದು ನಮ್ಮ ಮನೆಯಿಂದ ಒಂದೇ ಬಸ್ಸಿನ ದಾರಿ. ಅದು ದ್ವೀಪ ಅಂತ ನನಗೂ ಅವತ್ತೇ ಗೊತ್ತಾದದ್ದು. ತಂಗಿಯಂತೂ ಆಗಲೇ ಮೂರು ದಿನಕ್ಕೆ ಬುಕ್ ಮಾಡಿಯಾಗಿತ್ತು.

ಕಷ್ಟವಿದ್ದದ್ದು ಅಬ್ಬಿಗೆ ಹೇಳುವುದರಲ್ಲಿ. ಸ್ವಂತ ಮನೆ ಇಟ್ಟುಕೊಂಡು ದುಡ್ಡು ಕೊಟ್ಟು ಬೇರೆಯವರ ಮನೆಯಲ್ಲಿ ಮಲಗುವವರಿಗೆ ತಲೆ ಸರಿಯಿಲ್ಲ ಎಂಬುದು ಅವಳ ಗಟ್ಟಿ ಅಭಿಪ್ರಾಯ. ಹಾಗಾಗಿ ತಂಗಿ ಒಂದು ಸುಳ್ಳು ಹೇಳಿದಳು. ಅವಳ ಗಂಡನ ಜೊತೆ ಕೆಲಸ ಮಾಡುವವರೊಬ್ಬರ ಮಾವನ ಮನೆಯಂತೆ, ಬನ್ನಿ ಬನ್ನಿ ಅಂತ ವರ್ಷದಿಂದ ಕರೆಯುತ್ತಿದ್ದಾರಂತೆ, ಹೋಗದಿದ್ದರೆ ಬೇಜಾರು ಮಾಡಿಕೊಳ್ಳುತ್ತಾರಂತೆ.

"ಯಾರ್ ಪೈಕಿ ಅವ್ರ್?" ಅಬ್ಬಿ ಕೇಳಿದಳು.

"ನಮ್ ಪೈಕಿ ಅಲ್ಲ. ಒಳ್ಳೆ ಜನ" ಅಂದಳು ತಂಗಿ.

ನೆಂಟರ ಮನೆಗೆ ಬರಿಗೈಯಲ್ಲಿ ಹೋಗುವುದುಂಟೇ? ಅಬ್ಬಿ ರಾತ್ರಿಯೊಳಗೆ ಒಂದು ಚೀಲ ತುಂಬಿಸಿದಳು. ಒಣ ಸಟ್ಲಿ ಒಂದು ಕಟ್ಟು, ಮನೆಯ ಯಜಮಾನರಿಗೆ ಅಂತ ಹೆಗಲಿಗೆ ಹಾಕುವ ಹೊಸ ಬೈರಾಸು, ನಾಲ್ಕು ತೆಂಗಿನಕಾಯಿ. ತೆಂಗಿನ ಮರವಲ್ಲದೆ ಬೇರೇನೂ ಕಾಣದ ಜಾಗಕ್ಕೆ ತೆಂಗಿನಕಾಯಿ ಯಾಕೆ ಎಂದು ನಾನು ಕೇಳಲಿಲ್ಲ. ಆ ಒಣ ಸಿಗಡಿಯ ವಾಸನೆ ಬಸ್ಸಿನಲ್ಲಿ ನಮಗೆ ಒಂದಿಡೀ ಸೀಟು ಬಿಡಿಸಿಕೊಟ್ಟಿತು.

ತಲ್ಲೂರಿನಲ್ಲಿ ಇಳಿದು, ಆಟೋದಲ್ಲಿ ಹೊಳೆಯ ದಡಕ್ಕೆ ಹೋಗಿ, ದೋಣಿ ಹತ್ತಿದೆವು. ದಾಟುವುದಕ್ಕೆ ಐದು ನಿಮಿಷ ಹಿಡಿಯಿತು. ಆಚೆ ದಡದಲ್ಲಿ ಅಬ್ಬಿಯನ್ನು ಇಳಿಸುವುದಕ್ಕೆ ಹದಿನೈದು ನಿಮಿಷ ಬೇಕಾಯಿತು. ಒಂದು ಕಾಲು ದೋಣಿಯಲ್ಲಿ, ಒಂದು ಕಾಲು ಕಲ್ಲಿನ ಮೆಟ್ಟಿಲ ಮೇಲೆ ಇಟ್ಟು, ಮೊಣಗಂಟು ಬಗ್ಗದೆ ನಿಂತುಬಿಟ್ಟಳು. ದೋಣಿ ಮೆಲ್ಲಗೆ ದಡದಿಂದ ದೂರ ಸರಿಯತೊಡಗಿತು. ನಾನು ಮುಂದಿನಿಂದ ಎಳೆದೆ, ತಂಗಿ ಹಿಂದಿನಿಂದ ದೂಡಿದಳು, ದೋಣಿಯವನು ದೇವರನ್ನು ಕರೆದ.

ಮನೆಯ ಮುಂದೆ ಬಂದಾಗ ಒಂದು ವಿಚಿತ್ರ ನಡೆಯಿತು. ಎದುರಿಗೆ ಅಗಲವಾದ ಚಾವಡಿ, ಬಣ್ಣದ ಕುರ್ಚಿಗಳು, ಹೂವಿನ ಕುಂಡ. ಆದರೆ ಅಬ್ಬಿ ಅತ್ತ ನೋಡದೆ, ಗೋಡೆಯ ಪಕ್ಕದ ಸಣ್ಣ ದಾರಿ ಹಿಡಿದು ಸೀದಾ ಹಿತ್ತಲಿಗೆ ನಡೆದಳು. "ಅಮ್ಮಾ, ಅಮ್ಮಾ, ಈ ಕಡೆಯಿಂದ ಬನ್ನಿ!" ಎಂದು ಚಾವಡಿಯಿಂದ ಒಬ್ಬರು ಓಡಿ ಬಂದರು. ಮನೆಯ ಯಜಮಾನರು ಅವರೇ. ನಿವೃತ್ತ ಹೆಡ್‌ಮಾಷ್ಟ್ರು. ಇಸ್ತ್ರಿ ಹಾಕಿದ ಬಿಳಿ ಪಂಚೆ, ಕೈಯಲ್ಲಿ ಒಂದು ಫೈಲು. ಅಬ್ಬಿ ಹಿತ್ತಲ ಬಾಗಿಲಿನ ಹತ್ತಿರ ನಿಂತು ಬಾವಿಯನ್ನೂ ದನದ ಹಟ್ಟಿಯನ್ನೂ ನೋಡುತ್ತಿದ್ದಳು. ಮೆಟ್ಟಿಲು ಹತ್ತುವುದಕ್ಕೆ ಹೆದರಿ ಹಾಗೆ ಹೋಗಿರಬೇಕು ಅಂದುಕೊಂಡೆವು.

ಅಬ್ಬಿ ಚಾವಡಿಯಲ್ಲಿ ಕೂತು, ಚೀಲದಿಂದ ಬೈರಾಸು ತೆಗೆದು ಮಾಷ್ಟ್ರಿಗೆ ಕೊಟ್ಟಳು. ಅವರು ಗಲಿಬಿಲಿಯಾಗಿ, "ಟವೆಲ್ ನಾವೇ ಕೊಡುತ್ತೇವೆ ಅಮ್ಮಾ, ರೂಮಿನಲ್ಲಿ ಇಟ್ಟಿದೆ" ಎಂದರು. ಆಮೇಲೆ ಫೈಲು ಬಿಚ್ಚಿದರು. "ಎಲ್ಲರ ಆಧಾರ್ ಕಾರ್ಡಿನ ಜೆರಾಕ್ಸ್ ಬೇಕಿತ್ತು."

ಅಬ್ಬಿ ನನ್ನ ಸೊಂಟಕ್ಕೆ ತಿವಿದು, ಅವಳ ಪ್ರಕಾರ ಪಿಸುಮಾತಿನಲ್ಲಿ ಹೇಳಿದಳು. ನಲವತ್ತು ವರ್ಷ ಬೀದಿಯಲ್ಲಿ ಕೂಗಿದವಳ ಪಿಸುಮಾತು ದೋಣಿಯವನಿಗೂ ಕೇಳಿಸಿರಬೇಕು. "ಎಂತ ಜನ ಮಾರಾಯ್ತಿ ಇವ್ರ್! ನೆಂಟ್ರ್ ಬಂದ್ರೆ ಆಸ್ರಿಗೆ ಕೇಂಬುದ್ ಬಿಟ್ಟ್ ಆಧಾರ್ ಕಾರ್ಡ್ ಕೇಂತ್ರ್!"

ನಮ್ಮಲ್ಲಿ ಬಂದವರಿಗೆ ಮೊದಲು ನೀರು, ಬೆಲ್ಲ ಕೊಟ್ಟು 'ಆಸ್ರಿಗೆ ಬೇಕಾ' ಅಂತ ಕೇಳುವುದು ಪದ್ಧತಿ. ಮಾಷ್ಟ್ರು ಅದನ್ನು ಕೇಳಿಸಿಕೊಳ್ಳದವರಂತೆ ನಿಯಮಗಳ ಹಾಳೆ ಓದತೊಡಗಿದರು. ಹನ್ನೊಂದು ನಿಯಮಗಳಿದ್ದವು. ಬಾವಿಕಟ್ಟೆ ಹತ್ತಬಾರದು, ಸಂಜೆಯ ಮೇಲೆ ಹೊಳೆಗೆ ಇಳಿಯಬಾರದು, ಪುರಾತನ ವಸ್ತುಗಳನ್ನು ಮುಟ್ಟಬಾರದು.

ಪುರಾತನ ವಸ್ತುಗಳು ಮನೆ ತುಂಬ ಇದ್ದವು. ಒಂದೊಂದಕ್ಕೂ ಅಂದವಾದ ಮಾಷ್ಟ್ರ ಅಕ್ಷರದಲ್ಲಿ ಚೀಟಿ. ಪುರಾತನ ಕಡೆಗೋಲು. ಪುರಾತನ ತೊಟ್ಟಿಲು. ಪುರಾತನ ಲಾಟೀನು. ಅಬ್ಬಿಗೆ ಓದು ಬಾರದು, ನಾನು ಓದಿ ಹೇಳುತ್ತ ಹೋದೆ. "ಕಡೆಗೋಲಿಗೆ ಕಡೆಗೋಲ್ ಅಂದೇಳಿ ಬರ್ಕಣ್ಕಾ? ಮರೆತ್ ಹೋತ್ತಾ ಇವ್ರಿಗೆ?" ಎಂದಳು ಪಾಪ, ನಿಜವಾದ ಕಾಳಜಿಯಿಂದ.

ಸಂಜೆ ಮಾಷ್ಟ್ರು ನಮ್ಮನ್ನು ಊರು ತೋರಿಸಲು ಕರೆದೊಯ್ದರು. ಅವರು ಗಿರಾಕಿಗಳ ಹತ್ತಿರ ಶಾಲೆಯ ಕನ್ನಡವನ್ನೇ ಆಡುವುದು. ಬಿದ್ದ ಕೋಟೆಯ ಗೋಡೆ, ಅಕ್ಷರ ಸವೆದ ಶಾಸನದ ಕಲ್ಲು, ಹಳೆಯ ಬಂದರಿನ ಮೆಟ್ಟಿಲು. ಅಬ್ಬಿ ಪ್ರತಿಯೊಂದಕ್ಕೂ ಕೈಮುಗಿದಳು. ಬಂದರಿನ ಹತ್ತಿರ ಮಾಷ್ಟ್ರು ಕೈ ಚಾಚಿ, "ಅರಬ್ಬೀ ವರ್ತಕರು ಹಡಗಿನಲ್ಲಿ ತಂದ ಕುದುರೆಗಳನ್ನು ಇಳಿಸುತ್ತಿದ್ದ ಸ್ಥಳವೇ ಇದು" ಎಂದರು.

ಅಬ್ಬಿ ಆ ಜಾರುವ ಮೆಟ್ಟಿಲುಗಳನ್ನು ಬಹಳ ಹೊತ್ತು ನೋಡಿದಳು. ಬೆಳಿಗ್ಗೆ ಅವಳು ಸಿಕ್ಕಿಬಿದ್ದದ್ದು ಅಲ್ಲಿಯೇ. "ಎರಡ್ ಕಾಲ್ ಇಪ್ಪು ನಂಗೇ ಇಳುಕೆ ಆಯ್ಲಿಲ್ಲೆ. ನಾಕ್ ಕಾಲಿನ ಕುದ್ರಿ ಹ್ಯಾಂಗ್ ಇಳಿತ್ ಮಾಷ್ಟ್ರೆ?"

ಮಾಷ್ಟ್ರು ಬೇಗ ಬೇಗ ಮುಂದೆ ನಡೆದರು. ಮನೆಯಂಗಳಕ್ಕೆ ವಾಪಸ್ಸು ಬಂದ ಮೇಲೆ ತಮ್ಮ ಸಂಗ್ರಹದ ಮುಕುಟ ಎಂದು ಒಂದು ವಸ್ತು ತೋರಿಸಿದರು. ಮೊಣಕಾಲೆತ್ತರದ ಚಪ್ಪಟೆ ತಲೆಯ ಕರೀ ಕಲ್ಲು, ಸುತ್ತ ಹಗ್ಗ ಕಟ್ಟಿ, ಪಕ್ಕದಲ್ಲಿ ದೀಪ. ಚೀಟಿ ಹೇಳುತ್ತಿತ್ತು: 'ಪ್ರಾಚೀನ ಹಡಗಿನ ಲಂಗರುಕಲ್ಲು.' ಅಬ್ಬಿ ಬಗ್ಗಿ ನೋಡಿದಳು, ಏನೋ ಹೇಳಲು ಬಾಯಿ ತೆರೆದಳು, ನೆಂಟರ ಮನೆ ಎಂದು ನೆನಪಾಗಿ ಮುಚ್ಚಿದಳು. ಅವಳು ಬಾಯಿಗೆ ಬಂದ ಮಾತನ್ನು ನುಂಗಿದ್ದನ್ನು ನನ್ನ ಜನ್ಮದಲ್ಲಿ ನೋಡಿದ್ದು ಅದೇ ಮೊದಲು. ಈ ಒಂದು ನೋಟಕ್ಕೇ ಬುಕ್ ಮಾಡಿದ್ದು ಸಾರ್ಥಕವಾಯಿತು ಅಂದುಕೊಂಡೆ.

ಊಟಕ್ಕೆ ಬಂಗುಡೆ ಸಾರು. ಬಡಿಸಿದ್ದು ಕುದ್ರುವಿನವಳೇ ಆದ ಅಡುಗೆಯ ಹೆಂಗಸು. ಅಬ್ಬಿ ಮೀನಿನ ಬೆನ್ನನ್ನು ಬೆರಳಿನಿಂದ ಒಮ್ಮೆ ಒತ್ತಿದಳು. ಅಷ್ಟೇ. ಆಮೇಲೆ ನಮ್ಮಿಬ್ಬರ ಮುಖ ನೋಡಿದಳು. ಆ ನೋಟದಲ್ಲಿ ಬಂಗುಡೆ ಯಾವತ್ತು ಬಲೆಗೆ ಬಿತ್ತು, ಎಷ್ಟು ದಿನ ಐಸಿನಲ್ಲಿ ಮಲಗಿತು ಎಲ್ಲ ಇತ್ತು. ಬಾಯಿಯಲ್ಲಿ ಮಾತ್ರ, "ಸಾರ್ ಲಾಯ್ಕ್ ಆಯ್ತ್" ಅಂದಳು. ತಂಗಿ ಸಂತೋಷದಿಂದ ನನ್ನ ಕೈ ಹಿಸುಕಿದಳು.

ನಮ್ಮ ಸಂತೋಷ ಒಂದು ರಾತ್ರಿ ಬಾಳಿತು.

ಬೆಳಿಗ್ಗೆ ಎಚ್ಚರವಾದದ್ದು ಯಾರೋ ಅಳುವ ಸದ್ದಿಗೆ. ಹೊರಗೆ ಬಂದರೆ ಅಡುಗೆಯ ಹೆಂಗಸು ಸೆರಗಿನಿಂದ ಕಣ್ಣು ಒರಸಿಕೊಳ್ಳುತ್ತ ಮಾಷ್ಟ್ರ ಮುಂದೆ ನಿಂತಿದ್ದಳು. ಅಂಗಳ ಗುಡಿಸಿ ಸೆಗಣಿ ನೀರು ಹಾಕಿಯಾಗಿತ್ತು. ಬಾವಿಕಟ್ಟೆ ತಿಕ್ಕಿಯಾಗಿತ್ತು. ಪುರಾತನ ಲಾಟೀನಿನ ಗಾಜು ಬೂದಿ ಹಾಕಿ ಉಜ್ಜಿ ಫಳಫಳ ಹೊಳೆಯುತ್ತಿತ್ತು, ಅದರ ಚೀಟಿ ಒಗೆದು ಒಣಗಲು ಹಾಕಿತ್ತು. ಅಬ್ಬಿ ಸೀರೆ ಎತ್ತಿಕಟ್ಟಿ ತೆಂಗಿನ ಗರಿ ರಾಶಿ ಹಾಕುತ್ತಿದ್ದಳು.

"ನಿಮ್ಗೆ ಹೊಸ ಹೆಂಗಸ್ ಬೇಕಿದ್ರೆ ನಂಗ್ ಬಾಯ್ ಬಿಟ್ಟ್ ಹೇಳ್ಕಿತ್ ಮಾಷ್ಟ್ರೆ" ಎಂದು ಅಡುಗೆಯವಳು ಬಿಕ್ಕುತ್ತಿದ್ದಳು. "ಹತ್ತ್ ವರ್ಷ ದುಡ್ದಿದೆ ನಾನ್."

ಮಾಷ್ಟ್ರು ನಮ್ಮನ್ನು ಕಂಡವರೇ ಹತ್ತಿರ ಬಂದರು. "ನೋಡಿ, ನಿಮ್ಮ ತಾಯಿಯವರಿಗೆ ದಯವಿಟ್ಟು ಹೇಳಿ. ಬಾಡಿಗೆ ಕೊಟ್ಟು ಬಂದ ಅತಿಥಿಗಳ ಕೈಯಲ್ಲಿ ಅಂಗಳ ಗುಡಿಸಿಸಿದರು ಅಂತ ಯಾರಾದರೂ ಫೋನಿನಲ್ಲಿ ಬರೆದರೆ ನನ್ನ ಗತಿಯೇನು?"

ಗರಿ ಎಳೆಯುವ ಸದ್ದು ನಿಂತಿತು.

"ಬಾಡಿಗೆಯಾ?" ಅಬ್ಬಿ ಕೇಳಿದಳು.

ತಂಗಿ ನನ್ನ ಹಿಂದೆ ಸರಿದಳು. ನಾನು ತಂಗಿಯ ಹಿಂದೆ ಸರಿಯಲು ನೋಡಿದೆ. ಅಬ್ಬಿ ಸೀರೆ ಕೆಳಗೆ ಬಿಟ್ಟುಕೊಂಡು ಬಂದು ಎದುರಿಗೆ ನಿಂತು, "ಎಷ್ಟ್?" ಅಂದಳು. ತಂಗಿ ಇದ್ದದ್ದರಲ್ಲಿ ಅರ್ಧ ಹೇಳಿದಳು. ಮೀನು ಮಾರಿದವಳಿಗೆ ಮುಖ ನೋಡಿ ಬೆಲೆ ಓದುವುದು ಗೊತ್ತಿಲ್ಲವೇ? ಮನಸ್ಸಿನಲ್ಲಿ ಇಮ್ಮಡಿ ಮಾಡಿಕೊಂಡದ್ದು ಅವಳ ಹುಬ್ಬಿನಲ್ಲೇ ಕಂಡಿತು.

ಬೈಗುಳ ಬರುತ್ತದೆ, ಈಗಲೇ ದೋಣಿ ಹತ್ತಿ ಮನೆಗೆ ಹೋಗಬೇಕಾಗುತ್ತದೆ ಎಂದು ನಾವು ತಲೆ ತಗ್ಗಿಸಿ ಕಾದೆವು. ಅಬ್ಬಿ ಅಂಗಳ ಗುಡಿಸಿದ ಹಿಡಿಸೂಡಿಯನ್ನು ಅಡುಗೆಯವಳ ಕೈಗೆ ಕೊಟ್ಟಳು. ಬಾವಿಯ ಹತ್ತಿರ ಕೈಕಾಲು ತೊಳೆದುಕೊಂಡು ಚಾವಡಿಯ ಮೆಟ್ಟಿಲನ್ನು ಒಂದೊಂದಾಗಿ ಹತ್ತಿದಳು. ನಡುವಿನ ಉಯ್ಯಾಲೆಯ ಮೇಲೆ ಕೂತು, ಕಾಲು ಚಾಚಿ, ಕರೆದಳು.

"ಹ್ವಾಯ್ ಮಾಷ್ಟ್ರೆ! ಒಂದ್ ಚಾ. ಸಕ್ರಿ ಜಾಸ್ತಿ."

ಆ ಕ್ಷಣದಿಂದ ನಮ್ಮ ಅಬ್ಬಿ ಗಿರಾಕಿಯಾದಳು. ಬದುಕಿಡೀ ಗಿರಾಕಿಗಳ ಕಾಟ ಉಂಡವಳಿಗೆ ಆ ವಿದ್ಯೆಯಲ್ಲಿ ಯಾವುದೂ ಬಾಕಿ ಇರಲಿಲ್ಲ. ಚಾ ತಣ್ಣಗಾಗಿದೆ, ಇನ್ನೊಂದು. ಹಾಸಿಗೆ ಮೆತ್ತಗಾಗಿದೆ, ಹಣ್ಣು ಹಲಸಿನ ಮೇಲೆ ಮಲಗಿದ ಹಾಗಾಗುತ್ತದೆ, ಚಾಪೆ ತನ್ನಿ. ದೋಸೆ ಎರಡನೆಯದು ಮೊದಲನೆಯದಕ್ಕಿಂತ ಸಣ್ಣದು. ಮಾಷ್ಟ್ರು ಓಡಾಡಿ ಬೆವತರು. ಅಡುಗೆಯವಳಿಗೆ ಮಾತ್ರ ಅಬ್ಬಿಯ ಮೇಲೆ ತಟ್ಟನೆ ಪ್ರೀತಿ ಹುಟ್ಟಿತು. ಮಾಷ್ಟ್ರಿಗೆ ಹೀಗೆ ಹೇಳುವವರು ಒಬ್ಬರಾದರೂ ಬೇಕಿತ್ತು ಎಂದು ನನ್ನ ಕಿವಿಯಲ್ಲಿ ಹೇಳಿದಳು.

ನೆಂಟಸ್ತಿಕೆ ಹೋದ ಮೇಲೆ ನಾಲಿಗೆಗೆ ಕಟ್ಟಿದ್ದ ಹಗ್ಗವೂ ಹೋಯಿತು. ಅಬ್ಬಿ ಅಂಗಳದ ಆ ಕರೀ ಕಲ್ಲಿನ ಕಡೆ ಬೆರಳು ತೋರಿಸಿದಳು.

"ಮಾಷ್ಟ್ರೆ, ಅದ್ ಹಡಗಿನ ಕಲ್ಲಲ್ಲ. ಅದ್ ನಮ್ಮಬ್ಬಿ ಮೀನಿನ ಬುಟ್ಟಿ ಇಡೂ ಕಲ್ಲ್."

ಮಾಷ್ಟ್ರು ನಕ್ಕರು. ಶಾಲೆಯಲ್ಲಿ ತಪ್ಪು ಉತ್ತರ ಹೇಳಿದ ಮಕ್ಕಳಿಗೆ ನಗುವ ಹಾಗೆ. "ಇಲ್ಲಮ್ಮಾ. ಅದರ ರಚನೆ ನೋಡಿದರೇ ತಿಳಿಯುತ್ತದೆ. ಇದು ಹಟ್ಟಿಯ ಹಿಂದೆ ಮಣ್ಣಿನಲ್ಲಿ ಹೂತು ಹೋಗಿತ್ತು, ನಾನೇ ತೆಗೆಸಿ ಇಲ್ಲಿ ನಿಲ್ಲಿಸಿದ್ದು."

"ಹಟ್ಟಿ ಹಿಂದೆಯೇ ಇದ್ದದ್ ಅದ್. ಹುಳಿಮಾವಿನ ಮರದ ಬುಡದಲ್ ಇತ್ತ್. ಮರ ಎಲ್ ಹೋಯ್ತ್?"

ಮಾಷ್ಟ್ರ ನಗು ಅರ್ಧಕ್ಕೆ ನಿಂತಿತು. ಹುಳಿಮಾವಿನ ಮರ ಕಡಿಸಿ ಮೂವತ್ತು ವರ್ಷವಾಗಿತ್ತಂತೆ. ಆದರೂ ಸೋಲುವ ಜನ ಅಲ್ಲ ಅವರು. ಬ್ರಹ್ಮಾವರದಲ್ಲಿ ಮಗಳ ಮನೆಯಲ್ಲಿರುವ ತಮ್ಮ ಅಕ್ಕನಿಗೆ ಫೋನು ಮಾಡಿದರು. ಅಕ್ಕನಿಗೆ ಎಂಬತ್ತು ದಾಟಿದೆ, ಅವರ ಮಾತು ಮನೆತನದಲ್ಲಿ ಕೊನೆಯ ತೀರ್ಪು. ಎಲ್ಲರಿಗೂ ಕೇಳಲಿ ಎಂದು ಸ್ಪೀಕರು ಹಾಕಿದರು. ಅದೇ ಅವರು ಮಾಡಿದ ತಪ್ಪು.

"ಆ ಕಲ್ಲಾ?" ಫೋನಿನೊಳಗಿನ ಅಜ್ಜಿ ಕೂಗಿದರು. "ಅದ್ ಮೀನಿನವ್ಳ್ ಬುಟ್ಟಿ ಇಡೂ ಕಲ್ಲಲ್ದನಾ! ಅಪ್ಪಯ್ಯನೇ ಹಾಕ್ಸದ್. ನೀನ್ ಸಣ್ಣದಿಪ್ಪಾಗ ಅದ್ರ್ ಮೇಲ್ ಕೂಕಂಡ್ ಒಣಮೀನ್ ಕದ್ದ್ ತಿಂದ್, ಹೊಟ್ಟಿ ಹಾಳಾಯ್, ಮೂರ್ ದಿವ್ಸ ಹಾಸ್ಗಿ ಹಾಳ್ ಮಾಡಿದ್ದೆ. ನೆನ್ಪಿಲ್ಯಾ?"

ಮಾಷ್ಟ್ರು ಫೋನನ್ನು ಜೇಬಿಗೆ ಹಾಕಿಕೊಂಡರು. ಜೇಬಿನೊಳಗಿಂದಲೂ ಅಜ್ಜಿ ಮೂರು ದಿವಸದ ವಿವರ ಹೇಳುತ್ತಲೇ ಇದ್ದರು. ತಂಗಿ ಕಂಬದ ಮರೆಗೆ ಹೋಗಿ ನಕ್ಕಳು.

ಅಬ್ಬಿ ಮಾತ್ರ ನಗಲಿಲ್ಲ. ಉಯ್ಯಾಲೆಯನ್ನು ಕಾಲಿನಿಂದ ನಿಲ್ಲಿಸಿದಳು. ಮಳೆಗಾಲಕ್ಕೆ ಮುಂಚೆ ಒಣಮೀನು ಕೊಡಲು ತಾಯಿಯ ಜೊತೆ ದೋಣಿಯಲ್ಲಿ ಬರುತ್ತಿದ್ದಳಂತೆ, ಏಳೆಂಟು ವರ್ಷದವಳು. ಆ ಕಲ್ಲಿನಿಂದ ಮುಂದೆ ಹೆಜ್ಜೆ ಇಡಬಾರದು ಎಂದು ತಾಯಿ ಕಿವಿ ಹಿಂಡಿ ಹೇಳಿದ್ದಳಂತೆ. ಈ ಮನೆಯ ಹಿರಿಯಮ್ಮ ಒಳ್ಳೆಯವರು, ಬಾಳೆಎಲೆಯಲ್ಲಿ ಬಿಸಿ ಗಂಜಿ ಹಾಕಿಸುತ್ತಿದ್ದರು, ಕೈಬೊಗಸೆಗೆ ಮೇಲಿನಿಂದ ನೀರು ಹೊಯ್ಯಿಸುತ್ತಿದ್ದರು.

"ಆರೆ ಈ ಮನಿಗೆ ಎದುರಿಗ್ ಒಂದ್ ಬಾಗ್ಲ್ ಇತ್ತ್ ಅಂದೇಳಿ ನಂಗ್ ಗೊತ್ತಾದ್ ನಿನ್ನೆ" ಅಂದಳು.

ಅವಳ ಮಗಳಾದ ನನಗೇ ಇದು ಗೊತ್ತಿರಲಿಲ್ಲ. ನಿನ್ನೆ ಆ ಸಣ್ಣ ದಾರಿ ಹಿಡಿದು ಅವಳ ಕಾಲು ಯಾಕೆ ತಾನಾಗಿ ಹಿತ್ತಲಿಗೆ ಹೋಯಿತು ಎಂದು ಆಗ ತಿಳಿಯಿತು. ಮಾಷ್ಟ್ರು ಪಂಚೆಯ ಅಂಚು ಸರಿಮಾಡಿಕೊಂಡು, ಶಾಲೆಯ ಕನ್ನಡ ಬಿಟ್ಟು ಮೊದಲ ಸಲ ನಮ್ಮ ಭಾಷೆಯಲ್ಲಿ, "ನಂಗ್ ಗೊತ್ತಿರ್ಲಿಲ್ಲೆ ಅಮ್ಮಾ" ಅಂದರು.

"ನಿಮ್ಗ್ ಹ್ಯಾಂಗ್ ಗೊತ್ತಾಪುದ್? ನೀವ್ ಆಗ ತೊಟ್ಲಲ್ ಇದ್ರಿಯೇನೋ" ಅಂದಳು ಅಬ್ಬಿ. ಉಯ್ಯಾಲೆಯನ್ನು ಮತ್ತೆ ತೂಗಿಕೊಳ್ಳುತ್ತ, "ಇರ್ಲಿ. ಮಧ್ಯಾಹ್ನಕ್ಕೆ ಮೀನ್ ಎಂತದ್?" ಎಂದು ಕೇಳಿದಳು.

ಮೀನು ಕುಂದಾಪುರದಿಂದ ಆಚೆ ದಡಕ್ಕೆ ಆಟೋದಲ್ಲಿ ಬರಬೇಕು, ಹನ್ನೊಂದು ಗಂಟೆಯಾಗುತ್ತದೆ ಎಂದರು ಮಾಷ್ಟ್ರು.

ಅಬ್ಬಿ ಅವರನ್ನು ಕರುಣೆಯಿಂದ ನೋಡಿದಳು. "ನಾಕ್ ಬದಿಗೂ ಹೊಳಿ ಇತ್ತ್. ನಿಮ್ ಮನಿಗೆ ಮೀನ್ ಆಟೋ ಹತ್ತಿ ಬತ್ತಾ?"

ಎದ್ದೇ ಬಿಟ್ಟಳು. ನಾವೂ ಹಿಂದೆ ಹೋದೆವು. ಹೊಳೆಯ ನಡುವೆ ಒಬ್ಬ ಸಣ್ಣ ದೋಣಿಯಲ್ಲಿ ಬಲೆ ಎತ್ತುತ್ತಿದ್ದ. ತಂಗಿ "ಹಲೋ, ಭಾಯ್" ಎಂದು ಕರೆದಳು, ಅವನಿಗೆ ಕೇಳಿಸಲಿಲ್ಲ. ಅಬ್ಬಿ ಸೊಂಟಕ್ಕೆ ಕೈಯಿಟ್ಟು, ಎರಡು ವರ್ಷದಿಂದ ಎದೆಯೊಳಗೆ ಇಟ್ಟುಕೊಂಡಿದ್ದ ಪೂರಾ ದನಿಯನ್ನು ಒಂದೇ ಸಲ ಹೊರಗೆ ಬಿಟ್ಟಳು. "ಹ್ವಾಯ್!" ದಡದಲ್ಲಿದ್ದ ಬೆಳ್ಳಕ್ಕಿಗಳೆಲ್ಲ ಒಟ್ಟಿಗೆ ಎದ್ದು ಹಾರಿದವು. ಬಲೆಯವನು ತಪ್ಪು ಮಾಡಿದವನ ಹಾಗೆ ಹುಟ್ಟು ಹಾಕುತ್ತ ಬಂದ.

ಮುಂದಿನ ಚೌಕಾಸಿಯನ್ನು ನಾನು ಇಲ್ಲಿ ಬರೆಯಲಾರೆ, ಬರೆದರೆ ಅವನ ಮರ್ಯಾದೆ ಹೋಗುತ್ತದೆ. ಕಾಣೆ ಮೀನು, ಸಟ್ಲಿ, ಕಾಲು ಆಡಿಸುವ ಏಡಿ, ಅವನ ಹತ್ತಿರ ಇದ್ದದ್ದೆಲ್ಲ ನಮ್ಮದಾಯಿತು.

"ಇಷ್ಟ್ ಯಾರ್ ತಿಂಬುದ್ ಅಬ್ಬಿ?" ಅಂದೆ.

"ನಾವ್ ತಿಂಬುದ್ ತಿಂಬ. ಉಳ್ದದ್ ಕಾಂಬ" ಅಂದಳು. ಅವಳ ಕಣ್ಣಿನಲ್ಲಿ ಬೆಂಕಿ ಹತ್ತಿಕೊಂಡದ್ದನ್ನು ನಾನು ನೋಡಿದೆ, ಆದರೆ ತಡವಾಗಿತ್ತು.

ಅರ್ಧ ಗಂಟೆಯ ಮೇಲೆ ಗೇಟಿನ ಹತ್ತಿರ ಗಲಾಟೆ ಕೇಳಿ ಹೋದರೆ, ಅಬ್ಬಿ ಒಂದು ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತಿದ್ದಾಳೆ. ಎದುರಿಗೆ ನಮ್ಮ ರೂಮಿನಲ್ಲಿ ಕೊಳೆ ಬಟ್ಟೆ ಹಾಕಲು ಇಟ್ಟಿದ್ದ ಬೆತ್ತದ ಬುಟ್ಟಿ, ಅದರ ತುಂಬ ಮೀನು, ಮೇಲೆ ಮನೆಯವರು ಕೊಟ್ಟ ಬಿಳಿ ಟವೆಲ್ಲು ನೆನೆಸಿ ಹೊದಿಸಿದ್ದು. ಸುತ್ತ ಕುದ್ರುವಿನ ಹೆಂಗಸರು ಹತ್ತು ಹದಿನೈದು ಜನ. ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು, ಎಲ್ಲರಿಗೂ ಅಬ್ಬಿ ಒಬ್ಬಳೇ ಉತ್ತರ ಕೊಡುತ್ತಿದ್ದಳು. ಒಬ್ಬಳು ಏಡಿ ಸಣ್ಣದು ಅಂದಳು. "ದೊಡ್ಡದ್ ಬೇಕಾರೆ ಹೊಳಿಗ್ ಇಳಿ, ಕಾಲ್ ಕೊಡ್, ಅದೇ ಹಿಡ್ಕಣತ್ತ್" ಅಂದಳು ಅಬ್ಬಿ. ಅಡುಗೆಯವಳೂ ಸೆರಗಿನಲ್ಲಿ ಸಟ್ಲಿ ಕಟ್ಟಿಕೊಂಡು ಒಳಗೆ ಓಡಿದಳು.

ಮಾಷ್ಟ್ರು ನಿಯಮಗಳ ಹಾಳೆ ಹಿಡಿದು ಬಂದರು. ಮೊದಲಿನಿಂದ ಕೊನೆಯವರೆಗೆ ಓದಿದರು, ತಿರುಗಿಸಿ ಮತ್ತೊಮ್ಮೆ ಓದಿದರು. ಹನ್ನೊಂದರಲ್ಲಿ ಯಾವುದರಲ್ಲೂ ಮೀನು ಮಾರಬಾರದು ಎಂದು ಇರಲಿಲ್ಲ.

ಅವತ್ತು ಮಧ್ಯಾಹ್ನ ಕಾಣೆ ಮೀನಿನ ಸಾರು, ಸಟ್ಲಿ ಸುಕ್ಕ. ಮಾಷ್ಟ್ರು ಅತಿಥಿಗಳ ಜೊತೆ ಕೂತು ಊಟ ಮಾಡುವುದಿಲ್ಲವಂತೆ. ಅವತ್ತು ಅಬ್ಬಿಗೆ ತಾವೇ ಬಡಿಸಲು ನಿಂತರು. ಅಬ್ಬಿ ಒಂದು ತುತ್ತು ಬಾಯಿಗಿಟ್ಟು, "ಉಪ್ಪ್ ಕಮ್ಮಿ" ಎಂದು ಬಟ್ಟಲು ವಾಪಸ್ಸು ಕೊಟ್ಟಳು. ಮಾಷ್ಟ್ರು ಉಪ್ಪು ಹಾಕಿಸಿ ತಂದರು. ಆಮೇಲೆ ಅವಳು ತನ್ನ ಪಕ್ಕದ ಖಾಲಿ ಕುರ್ಚಿಯನ್ನು ಕೈಯಿಂದ ತಟ್ಟಿ, "ಕೂಕಣಿ ಮಾಷ್ಟ್ರೆ, ಮೀನ್ ತಣ್ದರೆ ಎಂತ ರುಚಿ?" ಅಂದಳು. ಅವರು ಕೂತರು. ಇಬ್ಬರೂ ಮುಳ್ಳು ಬಿಡಿಸುತ್ತ ಹುಳಿಮಾವಿನ ಮರ, ಹಳೆಯ ದೋಣಿಯವನು, ಒಂದು ವರ್ಷ ಹಟ್ಟಿಯವರೆಗೂ ಬಂದ ನೆರೆ ಎಂದೆಲ್ಲ ಮಾತಾಡಿದರು. ನಾನು, ತಂಗಿ ನಮ್ಮ ಪಾಡಿಗೆ ಉಂಡೆವು.

ಮೂರನೇ ದಿನ ನಾವು ಹೊರಡುವ ಹೊತ್ತಿಗೆ ಹೊಸ ಅತಿಥಿಗಳು ಬಂದಿಳಿದರು. ಮೈಸೂರು ಕಡೆಯ ಗಂಡ ಹೆಂಡತಿ, ಕುತ್ತಿಗೆಗೆ ಕ್ಯಾಮೆರಾ. ಮಾಷ್ಟ್ರು ಅವರನ್ನು ಕಲ್ಲಿನ ಹತ್ತಿರ ಕರೆದುಕೊಂಡು ಹೋಗುವುದು ಕಂಡು ನಾನು ಕಿವಿಗೊಟ್ಟೆ. ಲಂಗರು ಹೋಗಿತ್ತು. ಅದರ ಜಾಗಕ್ಕೆ ಬಂದದ್ದು ಏನೂ ಕಡಿಮೆಯದಲ್ಲ.

"ಇದು ಪ್ರಾಚೀನ ಮೀನು ಮಾರುಕಟ್ಟೆಯ ಪೀಠ" ಎನ್ನುತ್ತಿದ್ದರು ಮಾಷ್ಟ್ರು. "ಇಲ್ಲಿಂದ ಅರಮನೆಗಳಿಗೆ ಒಣಮೀನು ಹೋಗುತ್ತಿತ್ತು. ನಿಮ್ಮ ಪುಣ್ಯ, ಆ ಪರಂಪರೆಯ ಕೊನೆಯ ಕೊಂಡಿ ಇವತ್ತು ಇಲ್ಲಿಯೇ ಇದ್ದಾರೆ." ಹೀಗೆಂದು ತಿರುಗಿ ಚಾವಡಿಯಲ್ಲಿ ಎಲೆ ಹಾಕಿಕೊಳ್ಳುತ್ತಿದ್ದ ನಮ್ಮ ಅಬ್ಬಿಗೆ ಕೈ ತೋರಿಸಿದರು.

ಕ್ಯಾಮೆರಾ ಅಬ್ಬಿಯ ಕಡೆ ತಿರುಗಿತು. "ಎಂತ ಅಂಬ್ರ್?" ಎಂದು ಅಬ್ಬಿ ನನ್ನನ್ನು ಕೇಳಿದಳು. ನಿನ್ನ ಫೋಟೋ ಬೇಕಂತೆ ಅಂದೆ. ಬೇಡ ಅನ್ನುತ್ತಾಳೆ ಅಂದುಕೊಂಡಿದ್ದೆ. ಅಬ್ಬಿ ಎಲೆ ಉಗಿದು, ತುಟಿ ಒರಸಿಕೊಂಡು, ಸೆರಗು ಸರಿಮಾಡಿ, ಹೋಗಿ ಆ ಕಲ್ಲಿನ ಮೇಲೆ ಸೀದಾ ಕೂತಳು. ಪುರಾತನ ವಸ್ತುಗಳನ್ನು ಮುಟ್ಟಬಾರದು ಎಂದು ಯಾರೂ ಹೇಳಲಿಲ್ಲ. ಮೈಸೂರಿನ ಹೆಂಗಸು ಹತ್ತಿರ ಬಂದು, "ಅಜ್ಜೀ, ಅರಮನೆಗೆ ಯಾವ ಮೀನು ಕೊಡ್ತಿದ್ರಿ?" ಎಂದು ಭಕ್ತಿಯಿಂದ ಕೇಳಿದಳು. ಅಬ್ಬಿ ಮಾಷ್ಟ್ರ ಮುಖ ನೋಡಿದಳು. ಮಾಷ್ಟ್ರು ಕಣ್ಣಿನಲ್ಲೇ ಬೇಡಿಕೊಂಡರು. "ದೊಡ್ಡದ್ದೇ ಕೊಡುದ್" ಅಂದಳು ಅಬ್ಬಿ.

ದೋಣಿಗೆ ಕಾಯುವಾಗ ಮಾಷ್ಟ್ರು ತಂಗಿಯ ಹತ್ತಿರ ಮೆಲ್ಲಗೆ, ಫೋನಿನಲ್ಲಿ ಮನೆಯ ಬಗ್ಗೆ ನಾಲ್ಕು ಮಾತು ಬರೆಯಬಹುದೇ ಎಂದು ಕೇಳಿದರು. ತಂಗಿ ಬರೆಯಲು ಕೂತಳು, ಅಬ್ಬಿ ಪಕ್ಕದಿಂದ ಹೇಳತೊಡಗಿದಳು. ಹಾಸಿಗೆ ಆಗದು. ಬಂಗುಡೆ ಹಳತು. ಅಡುಗೆಯವಳ ಕೈ ಒಳ್ಳೆಯದು. ಮಾಷ್ಟ್ರು ಒಳ್ಳೆಯ ಮನುಷ್ಯ, ಸುಳ್ಳು ಸ್ವಲ್ಪ ಜಾಸ್ತಿ. ಐದು ನಕ್ಷತ್ರದಲ್ಲಿ ಎಷ್ಟು ಕೊಡುವುದು ಎಂದು ತಂಗಿ ಕೇಳಿದಾಗ ಅಬ್ಬಿ, "ಎರಡ್ರಿಂದ ಶುರು ಮಾಡ್. ಅವ್ರ್ ಕೇಂಡ್ರೆ ಏರ್ಸುವ" ಅಂದಳು. ತಂಗಿ ಐದನ್ನೂ ಕೊಟ್ಟಳು. ಅದನ್ನು ನಾವು ಇವತ್ತಿಗೂ ಅಬ್ಬಿಗೆ ಹೇಳಿಲ್ಲ.

ಮನೆಗೆ ಬಂದ ಮರುದಿನವೇ ಪಕ್ಕದ ಮನೆಯವಳು ಎಲ್ಲಿಗೆ ಹೋಗಿದ್ದಿರಿ ಎಂದು ವಿಚಾರಿಸಲು ಬಂದಳು. ಅಬ್ಬಿ ಜಗಲಿಯಲ್ಲಿ ಕೂತು ಹೇಳಿದ ಕಥೆಯಲ್ಲಿ ಬಾಡಿಗೆಯ ಸುದ್ದಿ ಬರಲಿಲ್ಲ. ಏಡಿ ಕೊಡಪಾನದಷ್ಟು ದೊಡ್ಡದಾಗಿತ್ತು. ಮಾಷ್ಟ್ರು ದೋಣಿ ಕಳಿಸಿ ಕರೆಸಿಕೊಂಡಿದ್ದರು. ತಂಗಿ ತಿದ್ದಲು ಹೋದಳು, ನಾನು ತಡೆದೆ.

ತಂಗಿ ಮುಂಬೈಗೆ ಹೋದ ಮೇಲೆ ಅಬ್ಬಿ ನನ್ನ ಹತ್ತಿರ ಒಂದು ಮಾತು ತೆಗೆದಳು. ಡಾಕ್ಟರು ಹೊರೆ ಹೊರಬಾರದು ಅಂದದ್ದು, ಕೂರಬಾರದು ಅಂದಿಲ್ಲವಲ್ಲ? ಕುದ್ರುವಿನಲ್ಲಿ ಅವಳು ಕೂತೇ ಮಾರಿದ್ದು. ನಾನು ಒಂದು ತಿಂಗಳು ಆಗುವುದಿಲ್ಲ ಅಂದೆ. ಆ ತಿಂಗಳಿನ ಕಥೆ ಬೇಡ. ಪಕ್ಕದ ಮನೆಯಿಂದ ಏಣಿ ತಂದು ಅಟ್ಟದ ಬುಟ್ಟಿ ಇಳಿಸಿದ್ದೂ ಆಯಿತು. ಈಗ ಬೆಳಿಗ್ಗೆ ಎಂಟಕ್ಕೆ ನಮ್ಮ ಗೇಟಿನ ಹೊರಗೆ ಕುರ್ಚಿ ಹಾಕುತ್ತೇನೆ, ದಡದಿಂದ ಮೀನು ತಂದುಕೊಡಲು ಬೋಟಿನವರು ಇದ್ದಾರೆ. ಹತ್ತೂವರೆಗೆ ಬುಟ್ಟಿ ಖಾಲಿ. ಮನೆಯೊಳಗೆ ಜಗಳ ಅರ್ಧಕ್ಕರ್ಧ ಕಮ್ಮಿಯಾಗಿದೆ. ತೊಂದರೆ ಒಂದೇ. ನನ್ನ ಹತ್ತಿರ ರವಿಕೆ ಹೊಲಿಸಲು ಬರುವವರೂ ಅವಳನ್ನು ದಾಟಿಯೇ ಬರಬೇಕು. ಮೊನ್ನೆ ಒಬ್ಬಳು ಅಳತೆ ಕೊಡಲು ಬಂದವಳು ಒಂದು ಕಿಲೋ ಬಂಗುಡೆ ತೆಗೆದುಕೊಂಡು, ಬಟ್ಟೆಯ ಕಟ್ಟನ್ನು ಕುರ್ಚಿಯ ಪಕ್ಕದಲ್ಲೇ ಮರೆತು ಮನೆಗೆ ಹೋದಳು. ಮೀನಿನ ವಾಸನೆ ಹಿಡಿದ ಆ ಬಟ್ಟೆಯನ್ನು ಮೂರು ಸಲ ತೊಳೆದಿದ್ದೇನೆ, ಹೊಲಿಯಲು ಇನ್ನೂ ಧೈರ್ಯ ಬಂದಿಲ್ಲ.